ಕೊಬ್ಬರಿ ಎಣ್ಣೆ ಕುಡಿದ ಗಾಜು

ನಮ್ಮ ಚಿಕ್ಕಪ್ಪನ ಹಳೇ ಕಾರಿನ ಗಾಜು ಗುಂಡಿ ಒತ್ತಿದರೆ ಏರುವುದೋ ಬೇಡವೋ ಎಂದು ಯೋಚಿಸುತ್ತಿತ್ತು. ನಾಗಮಂಗಲದ ಮೆಕ್ಯಾನಿಕ್ಕು ಮೋಟರೇ ಬದಲಾಯಿಸಬೇಕೆಂದ.

"ಮೋಟ್ರು ಗಟ್ಟಿಯಾಗೇ ಅದೆ ಕಣ್ಲಾ ಮಗ, ಗಾಜಿನ ದಾರಿ ಒಣಗ್ಕೊಂಡದೆ ಅಷ್ಟೆ," ಎಂದರು ಚಿಕ್ಕಪ್ಪ.

ನಮ್ಮ ಮನೆಯಲ್ಲಿ ತಲೆಗೂ, ಬಾಗಿಲ ತಿರುಗಣಿಗೂ, ಎತ್ತಿನ ಕೊಂಬಿಗೂ ಒಂದೇ ಮದ್ದು. ಗಾಜು ಜಾರುವ ರಬ್ಬರಿನ ಸಂದಿಗೆ ಗಾಣದ ಕೊಬ್ಬರಿ ಎಣ್ಣೆಯನ್ನೇ ಸುರಿದರು. ಗಾಜು ಎಳೆಗರುವಿನ ಹಾಗೆ ಓಡಿತು.

ಆಮೇಲೆ ಚಳಿ ಬಂತು, ಹುರುಳಿ ಕೊಯ್ಲೂ ಬಂತು. ನಮ್ಮ ಕಡೆ ಹುರುಳಿ ಬಳ್ಳಿಯನ್ನು ಟಾರು ರಸ್ತೆಗೇ ಹರವುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಒಂದು ಬೆಳಿಗ್ಗೆ ಕೆ.ಆರ್. ಪೇಟೆಗೆ ಹೊರಟಿದ್ದೆವು. ಮುಂದಿನ ಸೀಟಿನಲ್ಲಿ ತೆಂಗಿನಕಾಯಿ ಚೀಲ, ಹಿಂದೆ ನಾನು. ಸಂತೆಬಾಚಹಳ್ಳಿಯ ಹತ್ತಿರ, ರಸ್ತೆಗೆ ಅಡ್ಡ ನಿಂತ ಟ್ರಾಕ್ಟರಿನ ಮುಂದೆ ಅಣ್ಣತಮ್ಮಂದಿರಿಬ್ಬರು ಹೊಡೆದಾಡುತ್ತಿದ್ದರು. ಆ ತುಂಡು ರಸ್ತೆಗೆ ಯಾರ ಹುರುಳಿ ಮೊದಲು ಎಂಬುದೇ ಜಗಳ. ನೋಡಲೆಂದು ನಾನು ಗಾಜು ಇಳಿಸಿದೆ.

ತಮ್ಮ ಬೀಸಿದ ಕವೆಗೋಲು ಅಣ್ಣನ ನೆತ್ತಿ ಸೀಳಿತು. ರಕ್ತ ಸುರಿಸುತ್ತಾ ಓಡಿಬಂದ ಅಣ್ಣ ನನ್ನ ಕಡೆಯ ಬಾಗಿಲು ತೆಗೆದು ಮಡಿಲಿಗೇ ಬಿದ್ದ.

"ಗಾಜು ಏರ್ಸಣ್ಣೋ! ಸಾಯ್ಸ್ಬುಡ್ತಾನೆ!"

ಬಾಗಿಲೆಳೆದು ಲಾಕ್ ಮಾಡಿ ಗುಂಡಿ ಒತ್ತಿದೆ. ಗಾಜು ಬೆರಳಗಲ ಏರಿ ನಿಂತಿತು. ಚಿಕ್ಕಪ್ಪ ಕಾರನ್ನು ಹಿಂದಕ್ಕೆ ತೆಗೆಯಲು ನೋಡಿದರೆ ಚಕ್ರಗಳು ಬಳ್ಳಿಯ ಮೇಲೆ ಜಾರಿ ಸುಮ್ಮನೆ ಸುತ್ತಿದವು. ಅಷ್ಟರಲ್ಲಿ ತಮ್ಮ ಕುಡುಗೋಲು ಹಿಡಿದು ಬಂದ.

"ಇಳಿಯೋ ಕೆಳಕ್ಕೆ! ಕಾರೊಳಗೆ ಕೂತ್ಬುಟ್ರೆ ಬುಟ್ಬುಡ್ತೀನಾ?"

ಕುಡುಗೋಲು ಒಳಗೆ ಬಂದು ಅಣ್ಣನ ತೋಳನ್ನು ಮೂಳೆ ಕಾಣುವಂತೆ ಕೊಯ್ದಿತು.

"ಗಾಜ್ನ ಕೈಯಲ್ಲಿ ಎತ್ಲಾ!" ಎಂದು ಚಿಕ್ಕಪ್ಪ ಕೂಗಿದರು.

ಗಾಜನ್ನು ಒಳಗೊಂದು ಹೊರಗೊಂದು ಅಂಗೈಯಲ್ಲಿ ಅಮುಕಿ, ಮೊಣಕೈಯಿಂದ ಗುಂಡಿ ಒತ್ತುತ್ತಾ ಮೇಲೆಳೆದೆ. ಅದು ನರಳುತ್ತಾ ಏರಿತು. ಕೈ ಒಳಗೆಳೆದುಕೊಂಡೆ. ಮುಂದಿನ ಏಟು ಗಾಜಿಗೆ ಬಿತ್ತು. ಗೀರಾಯಿತು, ಒಡೆಯಲಿಲ್ಲ. ಚಕ್ರಕ್ಕೆ ನೆಲ ಸಿಕ್ಕಿ ಕಾರು ಹಿಂದಕ್ಕೆ ಹಾರಿತು.

ಆಸ್ಪತ್ರೆಯಲ್ಲಿ ಅಣ್ಣನಿಗೆ ಹೊಲಿಗೆ ಹಾಕುತ್ತಿದ್ದಾಗ ಚಿಕ್ಕಪ್ಪ ಹೊರಗೆ ಕಾರಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತರು. ತೆಂಗಿನ ಕಡ್ಡಿಗೆ ಬಟ್ಟೆ ಸುತ್ತಿ, ಸೋಪು ನೀರಿನಲ್ಲಿ ಅದ್ದಿ ರಬ್ಬರಿನ ಸಂದಿಯೊಳಗೆ ಎಳೆದರು. ಚಳಿಗೆ ಹೆಪ್ಪುಗಟ್ಟಿದ ಎಣ್ಣೆ, ಹುರುಳಿ ಹೊಟ್ಟು, ರಕ್ತ ಎಲ್ಲ ಕಲಸಿದ ಕಂದು ಮುದ್ದೆ ಬಂತು. ರಬ್ಬರು ಬಿಸಿಲಿಗೆ ಒಣಗಿದ ಮೇಲೆ ಅಂಗಡಿಯಿಂದ ತಂದ ಸಿಲಿಕೋನ್ ಸ್ಪ್ರೇ ಹೊಡೆದರು. ಗಾಜು ಒಂದೇ ಉಸಿರಿಗೆ ಏರಿತು. ಚಿಕ್ಕಪ್ಪ ಅದನ್ನು ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು.

ಸಂಜೆ ನೋಡಲು ಹೋದಾಗ ಗಾಯಾಳು ಕಣ್ಣು ಬಿಟ್ಟಿದ್ದ.

"ಜೀವ ಉಳೀತಲ್ಲಪ್ಪ, ಅಷ್ಟು ಸಾಕು," ಎಂದರು ಚಿಕ್ಕಪ್ಪ.

"ಗಾಜು ಸರೋಯ್ತಾ ಯಜಮಾನ್ರೆ?"

"ಊಂ ಕಣಪ್ಪ."

"ಅಂಗಾದ್ರೆ ನಮ್ಮೂರ್ ಮೇಲೆ ಹೋಗೋವಾಗ ಏರ್ಸ್ಕೊಂಡೇ ಹೋಗಿ. ಕಾರಿನ ನಂಬ್ರ ನೋಡ್ಕೊಂಡವ್ನೆ ನನ್ ತಮ್ಮ."