ಬಾಯಿ ಲಾಲಮ್ಮನದು, ಹೆಸರು ಇನ್ನೊಬ್ಬನದು

ವನದುರ್ಗದ ಲಾಲಮ್ಮ ಕಾಲುವೆ ತೋಡುವ ಕಾಲದಲ್ಲಿ ಮಣ್ಣಿನ ಬುಟ್ಟಿ ಹೊತ್ತವಳು. ತಲೆಯ ಮೇಲೆ ಬುಟ್ಟಿ, ಬಾಯಲ್ಲಿ ಹಾಡು. ಯಾರೋ ಕಲಿಸಿದ ಹಾಡುಗಳಲ್ಲ. ನಡೆಯುತ್ತ ನಡೆಯುತ್ತ ತಾನೇ ಕಟ್ಟಿದವು. ‘ನೀರೇ, ನೀ ಬರುವಾಗ ನಮ್ಮೋಣಿ ಮರಿಬ್ಯಾಡ’ ಎಂಬುದು ಅವುಗಳಲ್ಲೊಂದು. ಅವಳು ಎತ್ತಿಕೊಟ್ಟರೆ ಸಾಲಿನ ಹೆಂಗಸರೆಲ್ಲ ದನಿಗೂಡಿಸುತ್ತಿದ್ದರು. ಮುಂದೆ ಕಾಲುವೆಗೆ ನೀರು ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಲಾಲಮ್ಮ ಶಹಾಪುರದಲ್ಲಿ ಮಗ, ಸೊಸೆಯೊಂದಿಗೆ ಇದ್ದುಕೊಂಡು ನಾಟಿ ಹಚ್ಚುವ ಕೂಲಿಗೆ ಹೋಗತೊಡಗಿದಳು.

ತೊಂಬತ್ತೇಳನೇ ಇಸವಿಯಲ್ಲಿ ಮರಿಲಿಂಗಪ್ಪನೆಂಬಾತ ಅವಳ ಮನೆ ಹುಡುಕಿಕೊಂಡು ಬಂದ. ಅವನದೊಂದು ಜಾನಪದ ತಂಡವಿತ್ತು. “ನಮ್ಮ ತಂಡದ ಜೋಡಿ ಒಂದು ಹಾಡು ಹೇಳಬೇ, ವಿಡಿಯೋ ಮಾಡ್ತೀವಿ” ಎಂದು ಕರೆದೊಯ್ದು, ಕಾಲುವೆಯ ಏರಿಯ ಮೇಲೆ ನಿಲ್ಲಿಸಿ ಹಾಡಿಸಿದ. ಊರಿನ ಕೇಬಲ್ ಟಿ.ವಿ.ಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಬರುವ ಕಾರ್ಯಕ್ರಮಕ್ಕೆ ವಾರವಾರವೂ ಅದೇ ಆರಂಭದ ಹಾಡಾಯಿತು.

ಸೊಸೆ ಮೋನಮ್ಮ ಅಂಗನವಾಡಿಯಲ್ಲಿ ಸಹಾಯಕಿ, ಓದು ಬಲ್ಲವಳು. ಮೊದಲ ಭಾನುವಾರ ಅತ್ತೆಯ ಮುಖ ಪರದೆಯ ಮೇಲೆ ಬಂದಾಗ ಕುಣಿದಾಡಿದವಳು, ಕೆಳಗೆ ಮೂಡಿದ ಅಕ್ಷರ ಓದಲು ಪರದೆಯ ಹತ್ತಿರಕ್ಕೆ ಬಾಗಿದಳು.

“ಯಾಕವಾ, ಏನು ಬರದಾರ?” ಲಾಲಮ್ಮ ಕೇಳಿದಳು.

“ರಚನೆ ಮತ್ತು ಗಾಯನ, ಮರಿಲಿಂಗಪ್ಪ ಅಂತ ಐತಿ, ಅತ್ತಿ.”

ಲಾಲಮ್ಮ ಎದ್ದುನಿಂತಳು. “ಬಾಯಿ ನಂದು, ಹೆಸರು ಅವಂದು? ಮಂದಿ ಕಣ್ಣಿಗೆ ಮಣ್ಣು ಬಿದ್ದೈತೇನು?”

ಅಂದೇ ಅವನ ಮನೆಗೆ ಹೋದಳು. ಮರಿಲಿಂಗಪ್ಪ ಕುರ್ಚಿಯಿಂದ ಏಳಲಿಲ್ಲ. “ತಂಡ ನಂದು, ಅದಕ್ಕ ಹೆಸರೂ ನಂದು. ಟಿ.ವಿ.ಯಾಗ ಮಾರಿ ಕಾಣಸ್ತು, ಅಷ್ಟು ಸಾಲದೇನು ನಿನಗ?” ಎಂದ. ಕೇಬಲ್‌ನವನು ಅವನ ಗೆಳೆಯ. ಹಾಡಿನ ವಿಡಿಯೋ ಕ್ಯಾಸೆಟ್ಟು ಮುಟ್ಟಲೂ ಬಿಡಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಸುರಪುರದ ಒಂದು ಸಂಘದವರು ‘ಕಾಲುವೆಯ ಕವಿ’ ಎಂದು ಮರಿಲಿಂಗಪ್ಪನಿಗೆ ಸನ್ಮಾನ ಮಾಡುವವರಿದ್ದರು. ಲಾಲಮ್ಮ ಮೋನಮ್ಮನನ್ನು ಕರೆದುಕೊಂಡು ಸುರಪುರದ ಬಸ್ಸು ಹತ್ತಿದಳು. ಸಂಘದ ಅಧ್ಯಕ್ಷೆ ಪಾರ್ವತಿಬಾಯಿ, ನಿವೃತ್ತ ಮುಖ್ಯೋಪಾಧ್ಯಾಯಿನಿ, ತಾಳ್ಮೆಯಿಂದ ಕೇಳಿಸಿಕೊಂಡರು. ಆದರೆ ಶಹಾಪುರದ ಕೇಬಲ್ಲು ಸುರಪುರದಲ್ಲಿ ಕಾಣುವುದಿಲ್ಲ.

“ಪುರಾವೆ ಇಲ್ಲದ ನಾ ಹ್ಯಾಂಗ ಒಬ್ಬರ ಮ್ಯಾಲ ತಪ್ಪು ಹೊರಸಲವ್ವಾ? ಟಿ.ವಿ.ಯೊಳಗಿಂದು ಫೋಟೋ ತಗಸ್ಕೊಂಡ್ ಬಾ. ನಿನ್ನ ಮಾರಿ, ಅವರ ಹೆಸರು ಎರಡೂ ಒಂದರಾಗ ಕಾಣಬೇಕು” ಎಂದರು.

ಮಾತು ನ್ಯಾಯವಾದದ್ದೇ. ಆದರೂ ಕದ್ದವನು ಬಾಯಿಮಾತಿನಲ್ಲಿ ಗೆದ್ದಿದ್ದ. ಕಳೆದುಕೊಂಡವಳು ಪುರಾವೆ ಹುಡುಕಬೇಕಿತ್ತು.

ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ದಸ್ತಗೀರಸಾಬನ ಫೋಟೋ ಸ್ಟುಡಿಯೋ. ಅಂಗಡಿಯಲ್ಲಿ ಕೇಬಲ್ ಇದ್ದ ಬಣ್ಣದ ಟಿ.ವಿ.ಯೂ ಇತ್ತು. ಕಥೆ ಕೇಳಿ ಅವನಿಗೂ ಸಿಟ್ಟು ಬಂತು. ಭಾನುವಾರ ತನ್ನ ಹೊಸ ಆಟೋಮ್ಯಾಟಿಕ್ ಕ್ಯಾಮೆರಾ ಹಿಡಿದು ನಿಂತ. ಅದು ತಾನೇ ಫ್ಲ್ಯಾಶ್ ಹೊಡೆಯಿತು. ತೊಳೆದುಬಂದ ಫೋಟೋದಲ್ಲಿ ಟಿ.ವಿ.ಯ ಗಾಜಿನ ಮೇಲೆ ಬೆಳ್ಳನೆಯ ಒಂದು ಗುಂಡು, ಅಷ್ಟೇ.

ಮುಂದಿನ ಭಾನುವಾರ ಫ್ಲ್ಯಾಶ್ ಬಿಟ್ಟು, ಮದುವೆಗೆ ಒಯ್ಯುವ ದೊಡ್ಡ ಕ್ಯಾಮೆರಾ ತೆಗೆದ. ಈ ಸಲ ಪರದೆಗೆ ಅಡ್ಡಲಾಗಿ ದಪ್ಪನೆಯ ಕಪ್ಪು ಪಟ್ಟಿ ಬಿತ್ತು. ಒಂದು ಫೋಟೋದಲ್ಲಿ ಲಾಲಮ್ಮನ ಬಾಯಿಯೇ ಮಾಯ, ಇನ್ನೊಂದರಲ್ಲಿ ಮುಖವಿದೆ, ಹೆಸರು ಮಾಯ.

“ಈ ಮಷೀನೂ ಅವನ ಕಡಿ ಸೇರೈತೇನು ಸಾಬ?” ಲಾಲಮ್ಮ ರೇಗಿದಳು.

ದಸ್ತಗೀರಸಾಬನಿಗೂ ಇದು ಹೊಸದು. ವಾರವಿಡೀ ಟಿ.ವಿ. ಮುಂದೆ ಕೂತು, ಒಂದು ರೀಲು ಪೂರ್ತಿ ಹಾಳುಮಾಡಿದ ಮೇಲೆ ಸಂಗತಿ ತಿಳಿಯಿತು. ಟಿ.ವಿ.ಯ ಪಿಕ್ಚರ್ ಟ್ಯೂಬು ಚಿತ್ರವನ್ನು ಒಮ್ಮೆಗೇ ತೋರಿಸುವುದಿಲ್ಲ. ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಬರೆಯುತ್ತ ಬರುತ್ತದೆ. ನಮ್ಮ ಕಣ್ಣು ಅದನ್ನೆಲ್ಲ ಕೂಡಿಸಿಕೊಳ್ಳುತ್ತದೆ. ಕ್ಯಾಮೆರಾ ಥಟ್ಟನೆ ತೆರೆದು ಮುಚ್ಚಿಕೊಂಡರೆ, ಇನ್ನೂ ಬರೆಯದ ಭಾಗ ಕಪ್ಪಾಗಿ ಬೀಳುತ್ತದೆ. ಬೇಕಾದದ್ದು ದುಬಾರಿ ಕ್ಯಾಮೆರಾ ಅಲ್ಲ, ನಾವು ಹೇಳಿದಷ್ಟು ಹೊತ್ತು ತೆರೆದಿರುವ ಕ್ಯಾಮೆರಾ. ಕಪಾಟಿನ ಮೇಲೆ ಅವನ ಅಪ್ಪನ ಹಳೆಯ ಕ್ಯಾಮೆರಾ ಇತ್ತು. ಅದರಲ್ಲಿ ತೆರೆದು ಮುಚ್ಚುವ ವೇಗವನ್ನು ಕೈಯಿಂದಲೇ ತಿರುಗಿಸಿ ಇಡಬಹುದಿತ್ತು. ಭಾನುವಾರ ಅದನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ಕೂರಿಸಿ, ಸೆಕೆಂಡಿನ ಹದಿನೈದನೇ ಒಂದು ಭಾಗಕ್ಕೆ ಇಟ್ಟು, ಬಾಗಿಲು ಮುಚ್ಚಿ ಕತ್ತಲು ಮಾಡಿದ. ಫೋಟೋ ಬಂತು. ಹಾಡುವಾಗ ತಲೆ ತೂಗಿದ್ದಕ್ಕೆ ಲಾಲಮ್ಮನ ಮುಖ ತುಸು ಮಸುಕಾಗಿತ್ತು, ಆದರೆ ಅವಳೇ ಎಂದು ಯಾರಾದರೂ ಹೇಳಬಹುದಿತ್ತು. ಕೆಳಗೆ ಮರಿಲಿಂಗಪ್ಪನ ಹೆಸರು ಸ್ಪಷ್ಟವಾಗಿತ್ತು.

ಪಾರ್ವತಿಬಾಯಿ ಫೋಟೋ ನೋಡಿ ಮರಿಲಿಂಗಪ್ಪನನ್ನು ಕರೆಸಿದರು. ಅವನು ಅಳುಕಲಿಲ್ಲ.

“ಹೌದ್ರಿ, ನಿಂತಾಕಿ ಆಕೀನೇ. ಬಾಯಿ ಅಷ್ಟೇ ಆಡಿಸ್ಯಾಳ. ಹಿಂದಿನ ದನಿ ನಮ್ಮ ತಂಡದ್ದು. ಫೋಟೋದಾಗ ದನಿ ಕೇಳಸ್ತದೇನ್ರಿ?”

ಅಷ್ಟು ವರ್ಷ ಮಣ್ಣು ಹೊತ್ತಾಗಲೂ ಲಾಲಮ್ಮನಿಗೆ ಆಗದ ಅವಮಾನ ಆ ಒಂದು ಮಾತಿನಲ್ಲಿತ್ತು. “ನಿಮ್ಮ ದನಿ ನನ್ನ ಗಂಟಲದಾಗ ಹ್ಯಾಂಗ ಬಂತೋ ಅದನ್ನೂ ತೋರಸ್ತೀನಿ, ಒಂದು ವಾರ ತಡೀರಿ” ಎಂದು ಹೇಳಿ ಹೊರಬಿದ್ದಳು.

ಈಗ ವಿಡಿಯೋ ಬೇಕಾಯಿತು. ದಸ್ತಗೀರಸಾಬನ ಮದುವೆ ವಿಡಿಯೋ ಕ್ಯಾಮೆರಾದಲ್ಲಿ ಹಿಡಿದು ನೋಡಿದರೆ ಅದೇ ಕಪ್ಪು ಪಟ್ಟಿ ಪರದೆಯ ಮೇಲೆ ಉರುಳಾಡುತ್ತಿತ್ತು. ಅವನು ತೆರೆದು ಮುಚ್ಚುವ ವೇಗ ಬದಲಿಸುವ ಗುಂಡಿ ಒತ್ತಿ, ಅದನ್ನು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಕಟ್ಟಿಹಾಕಿದ. ನಮ್ಮ ಟಿ.ವಿ. ಬರೆಯುವ ವೇಗವೂ ಅದೇ. ಪಟ್ಟಿ ಹೋಯಿತು. ಭಾನುವಾರ ಟಿ.ವಿ.ಯ ಸ್ಪೀಕರಿನ ಮುಂದೆಯೇ ಮೈಕು ಹಿಡಿದು ಹಾಡು ಮುಗಿಯುವ ತನಕ ತೆಗೆದ.

ಸುರಪುರದಲ್ಲಿ ಕ್ಯಾಮೆರಾವನ್ನು ಪಾರ್ವತಿಬಾಯಿಯವರ ಟಿ.ವಿ.ಗೆ ಜೋಡಿಸಿ ಹಚ್ಚಿದರು. ಮರಿಲಿಂಗಪ್ಪನೂ ಕೂತಿದ್ದ. ಹಾಡು ನಡುವೆ ಬಂದಾಗ ಪರದೆಯ ಮೇಲಿನ ಲಾಲಮ್ಮ ಕೆಮ್ಮಿದಳು. ದನಿಯೂ ಅಲ್ಲೇ ಕೆಮ್ಮಿತು. ಮೋನಮ್ಮ ಬಾಯಿಗೆ ಸೆರಗು ಹಿಡಿದಳು.

ಪಾರ್ವತಿಬಾಯಿ ಟಿ.ವಿ. ಆರಿಸಿದರು. “ಈ ಕೆಮ್ಮೂ ನಿಮ್ಮ ತಂಡದ್ದೇನ್ರಿ, ಮರಿಲಿಂಗಪ್ಪನೋರ?”

ಅವನು ಗಡಿಯಾರ ನೋಡಿಕೊಂಡು ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಗಾಯನದ ಮಾತೇ ಸುಳ್ಳಾದ ಮೇಲೆ ರಚನೆಯ ಮಾತನ್ನೂ ಯಾರೂ ನಂಬಲಿಲ್ಲ, ಸನ್ಮಾನ ರದ್ದಾಯಿತು. ಅದನ್ನು ಲಾಲಮ್ಮನಿಗೇ ಮಾಡುತ್ತೇವೆಂದಾಗ ಅವಳು ಒಪ್ಪಲಿಲ್ಲ. “ಅವನಿಗಂತ ತಂದ ಶಾಲು ನನಗ್ಯಾಕ್ರಿ? ಮೊದಲು ಟಿ.ವಿ.ಯಾಗ ನನ್ನ ಹೆಸರು ಬರೀಲಿ.”

ಸಂಘದವರು ಪತ್ರ ಬರೆದ ಮೇಲೆ ಕೇಬಲ್‌ನವನು ಹೆಸರು ಬದಲಿಸಿದ. ‘ರಚನೆ ಮತ್ತು ಗಾಯನ: ಲೀಲಮ್ಮ’ ಎಂದು ಬಂತು. ಮೋನಮ್ಮ ಓದಿ ಹೇಳಿದ ಕೂಡಲೇ ಲಾಲಮ್ಮ ಚಪ್ಪಲಿ ಮೆಟ್ಟಿ ಕೇಬಲ್ ಆಫೀಸಿಗೆ ನಡೆದಳು. “ಲೀಲಮ್ಮ ಯಾರೋ? ಯಾವ ಓಣ್ಯಾಕಿ? ಕರಿ ಆಕೀನ, ಹಾಡಲಿ!” ಎಂದು ಬಾಗಿಲಲ್ಲೇ ನಿಂತಳು. ರಸ್ತೆಯ ಮಂದಿ ಸೇರಿದರು. ಕೇಬಲ್‌ನವನು ಅವಳ ಎದುರಿಗೇ ಅಕ್ಷರ ತಿದ್ದಿದ.

ಸರಿಯಾದ ಹೆಸರು ಬಂದ ಭಾನುವಾರ ಲಾಲಮ್ಮ ನೋಡಲಿಲ್ಲ. ಗದ್ದೆಯಲ್ಲಿ ನಾಟಿ ಇತ್ತು. ಮಧ್ಯಾಹ್ನ ಬುತ್ತಿ ತಂದ ಸೊಸೆ ಸುದ್ದಿ ಹೇಳಿದಾಗ, ಕೆಸರಿನ ಕೈ ತೊಳೆಯುತ್ತ ಅವಳು ಇಷ್ಟೇ ಅಂದಳು: “ಅಡ್ಡಾಡಿಸಿ ಅಡ್ಡಾಡಿಸಿ ಕೊಟ್ರು ನೋಡು, ನಂದು ನನಗ.”