ಮುಂದಿನ ಬೆಂಚಿನ ಬಗ್ಗೆ ಬರೆದ ಪಾದ್ರಿ

ಎರಡು ಸಾವಿರದ ಮೊದಲ ದಶಕದ ಕೊನೆಯಲ್ಲಿ ನಾನು ದೋಹಾದ ಶಿಪ್ಪಿಂಗ್ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದೆ. ಬಿಡುವಿದ್ದಾಗಲೆಲ್ಲ ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ಪಾದ್ರಿ ಬರೆದ ಪುಸ್ತಕಗಳನ್ನು ಓದುತ್ತಿದ್ದೆ. ಮಂಗಳೂರಿನ ಮಿಷನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಪ್ಪನಿಂದ ಬಂದ ದಪ್ಪ ಸಂಪುಟಗಳು ಅವು. ಕ್ರೈಸ್ತ ಸಭೆಯ ಚರಿತ್ರೆ. ಸಂತರ, ಬಿಷಪರ ವಿಷಯ ಬರೆಯುವವರೆಗೆ ಪಾದ್ರಿಯನ್ನು ಅವರ ಊರಿನವರು ಹೊಗಳಿದರು. ಕೊನೆಯ ಸಂಪುಟದಲ್ಲಿ ಅವರು ತಮ್ಮದೇ ಚರ್ಚಿನ ಬಗ್ಗೆ ಬರೆದರು: ಮುಂದಿನ ಬೆಂಚು ಗಿರಣಿ ಮಾಲೀಕರಿಗೆ, ಗಿರಣಿಯ ಕೂಲಿಗಳು ಗೋಡೆಗೊರಗಿ ನಿಲ್ಲಬೇಕು. ಸಭೆ ಅವರನ್ನು ಹೊರಗೆ ಹಾಕಿತು.

ದೋಹಾದ ನಮ್ಮ ಕನ್ನಡ ಕ್ರೈಸ್ತ ಸಭೆಯ ಸ್ಮರಣ ಸಂಚಿಕೆಗೆ ಅವರ ಜೀವನವನ್ನು ಬರೆದುಕೊಟ್ಟೆ. ಕಾರ್ಯದರ್ಶಿ ಬೆಂಚಿನ ಭಾಗಕ್ಕೆ ಗೆರೆ ಎಳೆದರು.

"ಇದೊಂದು ಬೇಡ ಮಾರಾಯ್ರೇ. ಇಲ್ಲಿ ನಮ್ದು ಸಹ ಹಾಗೇ ಉಂಟಲ್ಲ. ಸ್ಪಾನ್ಸರ್‌ನವರಿಗೆ ಬೇಜಾರಾಗ್ತದೆ."

ಹಾಗೇ ಇತ್ತು. ರಜೆಯ ದಿನವಾದ ಶುಕ್ರವಾರ, ಊರಿನ ಚರ್ಚುಗಳೆಲ್ಲ ಇದ್ದ ಅಬು ಹಮೂರಿನ ಆರಾಧನೆಯಲ್ಲಿ, ಸಂಚಿಕೆಗೆ ಜಾಹೀರಾತು ಕೊಡುವ ಮ್ಯಾನೇಜರುಗಳ ಕುಟುಂಬಗಳಿಗೆಂದು ಮುಂದಿನ ಕುರ್ಚಿಗಳಿಗೆ ಚೀಟಿ ಅಂಟಿಸುತ್ತಿದ್ದರು. ಲೇಬರ್ ಕ್ಯಾಂಪಿನಿಂದ ಬಸ್ಸು ಬದಲಿಸಿ ಬಂದವರು ಬಾಗಿಲ ಬಳಿ ನಿಲ್ಲುತ್ತಿದ್ದರು. ಅರ್ಧ ಕುರ್ಚಿಗಳು ಖಾಲಿ ಇದ್ದರೂ ನಿಲ್ಲುತ್ತಿದ್ದರು.

"ಅದನ್ನು ತೆಗೆದ್ರೆ ಪಾದ್ರಿಯಲ್ಲಿ ಎಂತ ಉಳೀತದೆ?" ಎಂದೆ.

"ಹುಟ್ಟಿದ್ದು, ಸತ್ತದ್ದು ಉಂಟಲ್ಲ. ಖಲಾಸ್."

ಪಾದ್ರಿಯವರು ಸಭೆಯ ಪ್ರೀತಿಗೆ ಪಾತ್ರರಾಗಿ ನಿವೃತ್ತರಾದರೆಂದು ಅಚ್ಚಾಯಿತು. ಕೆಳಗೆ ನನ್ನ ಹೆಸರು. ಮೈಯೆಲ್ಲ ಉರಿಯಿತು.

ಸಂಚಿಕೆ ಬಿಡುಗಡೆಯ ದಿನ ಲೇಖನ ಓದಲು ಮೈಕು ಕೊಟ್ಟರು. ಜೇಬಿನಲ್ಲಿದ್ದ ನನ್ನ ಮೊದಲಿನ ಕೈಬರಹದ ಹಾಳೆ ತೆಗೆದು ಬೆಂಚಿನ ಭಾಗವನ್ನೇ ಓದಿದೆ, ನಿಧಾನವಾಗಿ, ಒಂದಕ್ಷರ ಬಿಡದೆ. ಬಾಗಿಲ ಬಳಿಯವರು ತಲೆ ತಗ್ಗಿಸಿದರು. ಕಾರ್ಯದರ್ಶಿಯ ಮುಖ ಕಪ್ಪಿಟ್ಟಿತು. ಗಲಾಟೆಯಾಗಲಿ, ನನ್ನನ್ನೂ ಹೊರಗೆ ಹಾಕಲಿ ಎಂದು ಕಾದೆ.

ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ದೊಡ್ಡ ಜಾಹೀರಾತು ಕೊಟ್ಟಿದ್ದ ಮ್ಯಾನೇಜರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಎಂಥಾ ಜನ ಮಾರಾಯ್ರೇ ಆಗ! ಪಾಪ, ಕೂಲಿಯವರನ್ನು ನಿಲ್ಲಿಸಿ ಇವರು ಕೂತುಕೊಳ್ಳೋದಾ?"

ಹಾಗೆನ್ನುತ್ತಲೇ ಬಾಗಿಲ ಬಳಿ ನಿಂತಿದ್ದವನೊಬ್ಬನಿಗೆ ಕೈಸನ್ನೆ ಮಾಡಿ, "ಏಯ್, ಸರ್‌ಗೆ ಒಂದು ನೀರಿನ ಬಾಟ್ಲಿ ತಾ, ಯಲ್ಲಾ, ಬೇಗ" ಎಂದರು. ಅವನು ಓಡಿಹೋಗಿ ತಂದುಕೊಟ್ಟು, ಮತ್ತೆ ಬಾಗಿಲ ಬಳಿ ನಿಂತ.

ಆ ಪಾದ್ರಿಯ ಸಭೆಯವರು ಕೆಟ್ಟವರೇ ಇರಬಹುದು, ಆದರೆ ಅವರಿಗೆ ಓದಿದ್ದು ಅರ್ಥವಾಗಿತ್ತು. ನನ್ನ ಸಭೆಯವರು ಒಂದು ಕುರ್ಚಿಯ ಚೀಟಿ ಕಿತ್ತು, ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು.