ಬೀಗವಿಲ್ಲದ ಪಾಠಗಳು

ನನ್ನ ತಂಗಿಯ ಗಂಡ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಕೊರೊನಾ ಬಂದು ಶಾಲೆ ಮುಚ್ಚಿದಾಗ, ವಿಡಿಯೊ ನೋಡುವಷ್ಟು ಡೇಟಾ ಇಲ್ಲದ ಮಕ್ಕಳಿಗೆಂದು ಪಾಠಗಳನ್ನು ಬರೀ ಧ್ವನಿಯಲ್ಲಿ ರೆಕಾರ್ಡ್ ಮಾಡಿ, ತಾವೇ ಕಲಿತು ಕಟ್ಟಿದ ಒಂದು ವೆಬ್‌ಸೈಟಿಗೆ ಹಾಕುತ್ತಿದ್ದರು. ನಾನು ಅಗ್ರಹಾರದ ಪ್ರಿಂಟಿಂಗ್ ಅಂಗಡಿಯಲ್ಲಿ ಕೂತು ಮದುವೆ ಕಾರ್ಡಿನಿಂದ ಹಿಡಿದು ಅಂಗಡಿಗಳ ವೆಬ್‌ಸೈಟಿನವರೆಗೆ ಎಲ್ಲವನ್ನೂ ಮಾಡುವವಳು. ಅವರ ಪುಟ ನೋಡಿ ನಗು ಬರುತ್ತಿತ್ತು. “ಏನ್ ಮೇಷ್ಟ್ರೇ, ಬಣ್ಣಕ್ಕೂ ಬರಗಾಲವೇ?” ಎಂದರೆ, “ಮಕ್ಳು ಕೇಳೋದು ಅತ್ತಿಗೆ, ನೋಡೋದಲ್ಲ” ಎನ್ನುತ್ತಿದ್ದರು.

ಎದೆನೋವು ಎಂದು ಆಸ್ಪತ್ರೆಗೆ ನಡೆದುಕೊಂಡೇ ಹೋದವರು ಹೆಣವಾಗಿ ಮನೆಗೆ ಬಂದರು. ಆಮೇಲೆ ತಂಗಿ ದಿನಾ ಅವರ ಪಾಠ ಕೇಳತೊಡಗಿದಳು. ಅರ್ಧಕ್ಕೇ ಓದು ಬಿಟ್ಟವಳು, ತ್ರಿಕೋನಮಿತಿ ಅವಳಿಗೆ ಏನು ತಿಳಿಯಬೇಕು? ಒಂಟಿಕೊಪ್ಪಲಿನ ಮನೆಯ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಒಂದು ಪಾಠದ ನಡುವೆ ಮೇಷ್ಟ್ರು ಲೆಕ್ಕ ನಿಲ್ಲಿಸಿ, “ಲೇ, ಕುಕ್ಕರ್ ಕೂಗ್ತಾ ಅದೆ, ಆರಿಸ್ಬುಡು” ಎನ್ನುತ್ತಾರೆ. ಅದು ಬಂದಾಗಲೆಲ್ಲ ಇವಳು “ಊಂ” ಎನ್ನುತ್ತಿದ್ದಳು.

ನಮ್ಮತ್ತೆ ಹಾಸಿಗೆ ಹಿಡಿದಿದ್ದರಿಂದ ಸುಮಾರು ಒಂದು ವರ್ಷ ನಾನು ಆ ಕಡೆ ಹೋಗಲಾಗಲಿಲ್ಲ. ಕೊನೆಗೊಂದು ಭಾನುವಾರ ಹೋದರೆ ತಂಗಿ ಸೊರಗಿಹೋಗಿದ್ದಳು.

“ಪಾಠ ಕೇಳ್ತಾ ಇಲ್ವೇನೇ?”

“ಮಗಳು ಬ್ಯಾಡ ಅಂದವ್ಳೆ ಕಣಕ್ಕ. ಅವರ ಪುಟ ಸೇಫ್ ಅಲ್ವಂತೆ.”

ಮಗಳು ಬ್ಯಾಂಕಿನಲ್ಲಿದ್ದಾಳೆ. ಫೋನಿನಲ್ಲಿ ಮೋಸಹೋದವರು ತನ್ನ ಮೇಜಿನ ಮುಂದೆ ಅಳುವುದನ್ನು ದಿನಾ ನೋಡುವವಳು. ಅಪ್ಪನ ಪುಟದ ವಿಳಾಸದ ಪಕ್ಕ ‘ಸುರಕ್ಷಿತವಲ್ಲ’ ಎಂದು ಬಂದದ್ದೇ ತಡ, ಹೆದರಿ ಅದನ್ನು ಅಮ್ಮನ ಫೋನಿನಿಂದ ತೆಗೆದುಹಾಕಿದ್ದಳು. ಅವಳ ಭಯ ಸುಳ್ಳಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು. ರಜೆಯೆಂದು ಮನೆಯಲ್ಲೇ ಇದ್ದವಳನ್ನು ಕರೆದು ಕೂರಿಸಿಕೊಂಡೆ.

“ಅಯ್ಯೋ ನಿನ್ನ ಬುದ್ಧಿಗಿಷ್ಟು! ವಿಳಾಸದ ಮುಂದೆ ಎಚ್‌ಟಿಟಿಪಿ ಅಂತ ಇರುತ್ತಲ್ಲ, ಅದು ನಿಮ್ಮ ಫೋನು ಆ ಕಡೆ ಕಂಪ್ಯೂಟರ್ ಜೊತೆ ಯಾವ ರೀತಿ ಮಾತಾಡ್ಬೇಕು ಅಂತ ಹೇಳೋದು. ಕೊನೇಲಿ ಎಸ್ ಇದ್ರೆ ಅಂಟಿಸಿದ ಲಕೋಟೆ, ಇಲ್ದಿದ್ರೆ ಪೋಸ್ಟ್ ಕಾರ್ಡು. ದಾರೀಲಿ ಯಾರಾದ್ರೂ ಓದ್ಬೋದು, ತಿದ್ಬೋದು. ಪಾಸ್‌ವರ್ಡ್ ಕೊಡೋ ಕಡೆ ಎಸ್ ಇಲ್ದಿದ್ರೆ ಹೆದರ್ಬೇಕು ಸರಿ. ನಿಮ್ಮಪ್ಪ ಹೇಳ್ಕೊಟ್ಟ ಲೆಕ್ಕ ಯಾವನಾದ್ರೂ ಕದ್ದು ಕೇಳಿದ್ರೆ ಕೇಳ್ಲಿ ಬುಡು, ಉದ್ಧಾರ ಆಗ್ತಾನೆ!”

“ಎಸ್ ಇದ್ರೆ ವಿಳಾಸದ ಪಕ್ಕ ಬರೋ ಬೀಗದ ಗುರುತು ಇರ್ಲಿಲ್ವಲ್ಲ ದೊಡ್ಡಮ್ಮ.”

“ಬೀಗ ಇದ್ದ ಮಾತ್ರಕ್ಕೆ ಆ ಕಡೆ ಕೂತೋನು ಸಾಚಾ ಅಂತೇನಿಲ್ಲ. ದಾರಿ ಭದ್ರ ಅಂತ, ಅಷ್ಟೆ.”

ಹುಡುಗಿಯ ಮುಖ ಸಪ್ಪಗಾಯಿತು. “ಹಂಗಾದ್ರೆ ನೀವೇ ಹಾಕ್ಕೊಡಿ” ಎಂದು ಅಮ್ಮನ ಫೋನು ತಂದುಕೊಟ್ಟಳು. ತಂಗಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನನಗೆ ಅಂಟಿಕೊಂಡು ಕೂತಳು. ನಾನು ವಿಳಾಸ ಒತ್ತಿದೆ.

ಇಸ್ಪೀಟು ಎಲೆಗಳು ಬಂದವು. ರಮ್ಮಿ ಆಡಿ, ಮೊದಲ ಆಟಕ್ಕೇ ಬೋನಸ್ ಗೆಲ್ಲಿ ಎಂದು ದಪ್ಪಕ್ಷರದಲ್ಲಿ ಕುಣಿಯುತ್ತಿತ್ತು. ತಪ್ಪು ಒತ್ತಿದೆನೇನೋ ಎಂದು ಮತ್ತೆ ಒತ್ತಿದೆ. ಅದೇ ಎಲೆಗಳು.

ಆಗ ಹೊಳೆಯಿತು. ವೆಬ್‌ಸೈಟಿನ ಹೆಸರನ್ನೂ ಅದರ ಜಾಗವನ್ನೂ ವರ್ಷಾವರ್ಷ ದುಡ್ಡು ಕಟ್ಟಿ ನವೀಕರಿಸಬೇಕು. ಎಚ್ಚರಿಕೆಯೆಲ್ಲ ಸತ್ತವರ ಮೇಲ್‌ಗೆ ಹೋಗಿ ಬಿದ್ದಿದೆ, ನೋಡುವವರು ಯಾರು? ಗಡುವು ಮುಗಿದು ಪಾಠಗಳು ಅಳಿಸಿಹೋಗಿ, ಹೆಸರು ಜೂಜಿನವರ ಕೈಸೇರಿದೆ. ತಂಗಿ ದಿನಾ ಕೇಳುತ್ತಿದ್ದಿದ್ದರೆ ಪುಟ ನಿಂತ ದಿನವೇ ನನಗೆ ಫೋನು ಮಾಡುತ್ತಿದ್ದಳು, ಏನಾದರೂ ಮಾಡಬಹುದಿತ್ತು.

“ಬೇರೆ ಎಲ್ಲಾದ್ರೂ ಇರುತ್ತಲ್ವಾ ದೊಡ್ಡಮ್ಮ?” ಹುಡುಗಿ ಫೋನಿನ ಮೇಲೆ ಬಗ್ಗಿದಳು.

ಎಲ್ಲೂ ಇರಲಿಲ್ಲ. ಫೋನಿನಲ್ಲಿ ಜಾಗ ಸಾಲದೆಂದು, ಪುಟಕ್ಕೆ ಹಾಕಿದ ಮೇಲೆ ಮೇಷ್ಟ್ರೇ ಅಳಿಸಿಬಿಡುತ್ತಿದ್ದರು. ಅದು ಅವಳಿಗೂ ಗೊತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಬೈಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ತಂಗಿ ಮಾತ್ರ ಫೋನನ್ನೇ ನೋಡುತ್ತಿದ್ದಳು. ವಿಳಾಸದ ಪಕ್ಕಕ್ಕೆ ಬೆರಳಿಟ್ಟಳು. ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿತ್ತು.

“ನೋಡಕ್ಕ, ಬೀಗ ಬಂದದೆ. ಈಗ ಸೇಫ್ ಆಯ್ತಲ್ಲ? ಅವರ ಮಾತು ಹಾಕು.”